ಅಂಗನವಾಡಿಯ ಎಲ್‌ಇಡಿ ಪರದೆ ಮತ್ತು ಮಾತು ತಡವಾದ ಮಗು

ಅಂಗನವಾಡಿಗಳು ‘ಸ್ಮಾರ್ಟ್’ ಆಗುತ್ತಿವೆ ಎಂಬ ಸುದ್ದಿ ಆಗಾಗ ಬರುತ್ತಿದೆ. ಗೋಡೆ ಮೇಲೆ ಎಲ್‌ಇಡಿ ಪರದೆ, ವೈಫೈ, ಕಾರ್ಯಕರ್ತೆಯ ಕೈಯಲ್ಲಿ ಆ್ಯಪ್‌ಗಳಿರುವ ಫೋನ್. ಅದೇ ಪತ್ರಿಕೆಯ ಇನ್ನೊಂದು ಪುಟದಲ್ಲಿ ಮಕ್ಕಳ ಡಾಕ್ಟರು, ‘ಚಿಕ್ಕವರನ್ನು ಪರದೆಯಿಂದ ದೂರ ಇಡಿ’ ಎನ್ನುತ್ತಾರೆ. ಸ್ವೀಡನ್ ಸರ್ಕಾರವಂತೂ ಶಿಶುವಿಹಾರಗಳಲ್ಲಿ ಡಿಜಿಟಲ್ ಸಾಧನ ಬಳಸಲೇಬೇಕು ಎಂದು ತಾನೇ ಮಾಡಿದ್ದ ನಿಯಮವನ್ನು ಕೈಬಿಡುವುದಾಗಿ 2023ರಲ್ಲಿ ಹೇಳಿತು. ಇಷ್ಟರ ನಡುವೆ, ಮಾತು ಬಾರದ ಮಗು ಟ್ಯಾಬ್ ಒತ್ತಿ ‘ನೀರು ಬೇಕು’ ಎಂದು ಹೇಳಿಸಿದ ವಿಡಿಯೊ ಮನೆಯವರ ವಾಟ್ಸ್‌ಆ್ಯಪ್ ಗುಂಪಿಗೆ ಬರುತ್ತದೆ.

ಹಾಗಾದರೆ ಮೂರರಿಂದ ಆರು ವರ್ಷದ ಮಕ್ಕಳ ತರಗತಿಗೆ ತಂತ್ರಜ್ಞಾನ ಬೇಕಾ, ಬೇಡವಾ? ಕೇಳುವವರಿಗೆ ಗೊಂದಲ ಆಗುವುದು ಸಹಜ. ಒಂದೇ ಪದದ ಕೆಳಗೆ ಬೇರೆ ಬೇರೆ ಸಂಗತಿಗಳು ಸೇರಿಕೊಂಡಿರುವುದೇ ಇದಕ್ಕೆ ಕಾರಣ. ಅವನ್ನು ಬಿಡಿಸಿ ನೋಡಿದರೆ, ಮೊದಲು ಹಣ ಹಾಕಬೇಕಾದ ಜಾಗ ಯಾವುದು ಎಂದು ಸಾಕಷ್ಟು ಸ್ಪಷ್ಟವಾಗಿ ಹೇಳಬಹುದು.

ಪರದೆ ಬಂದದ್ದು ಹೇಗೆ

ಅಂಗನವಾಡಿ ಯೋಜನೆ ಶುರುವಾದದ್ದು 1975ರ ಅಕ್ಟೋಬರ್ 2ರಂದು. ಕರ್ನಾಟಕದಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರಕ್ಕೆ. ಆಗ ಅದರ ಮುಖ್ಯ ಕೆಲಸ ಊಟ, ಲಸಿಕೆ, ತಾಯಂದಿರ ಆರೋಗ್ಯ. ಶಾಲೆಗೆ ಮುಂಚಿನ ಕಲಿಕೆಯೂ ಪಟ್ಟಿಯಲ್ಲಿತ್ತು. ಆದರೆ ಜನರ ಕಣ್ಣಿಗೆ ಅಂಗನವಾಡಿ ಎಂದರೆ ಉಪ್ಪಿಟ್ಟು, ಮೊಟ್ಟೆ, ತೂಕದ ತಕ್ಕಡಿ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಈ ಚಿತ್ರವನ್ನು ಬದಲಿಸಿತು. ಮೂರರಿಂದ ಎಂಟು ವರ್ಷದವರೆಗಿನ ಐದು ವರ್ಷಗಳನ್ನು ಅದು ಒಂದೇ ಬುನಾದಿ ಹಂತವೆಂದು ಕರೆಯಿತು. 2023ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ‘ಪೋಷಣ್ ಭೀ ಪಢಾಯಿ ಭೀ’ ಎಂಬ ಕಾರ್ಯಕ್ರಮ ತಂದಿತು. ಊಟದ ಜತೆ ಪಾಠವೂ ಗಟ್ಟಿಯಾಗಿ ನಡೆಯಬೇಕು, ದಿನಕ್ಕೆ ಕನಿಷ್ಠ ಎರಡು ಗಂಟೆ ಕಲಿಕೆ ಇರಬೇಕು ಎಂಬುದು ಅದರ ಆಶಯ. ನಮ್ಮಲ್ಲಿ 2024ರಲ್ಲಿ ಸರ್ಕಾರಿ ಶಾಲೆಗಳಲ್ಲೇ ಎಲ್‌ಕೆಜಿ, ಯುಕೆಜಿ ತೆರೆಯುವ ಮಾತು ಬಂದಾಗ ಅಂಗನವಾಡಿ ಕಾರ್ಯಕರ್ತೆಯರು ಬೀದಿಗಿಳಿದರು. ಮಕ್ಕಳೆಲ್ಲ ಅತ್ತ ಹೋದರೆ ಅಂಗನವಾಡಿಗೆ ಉಳಿಯುವುದೇನು ಎಂಬ ಆತಂಕ ಅವರದು. ಆಮೇಲೆ ಅಂಗನವಾಡಿಗಳಲ್ಲೇ ಎಲ್‌ಕೆಜಿ, ಯುಕೆಜಿ ನಡೆಸುವ ಕೆಲಸ ಶುರುವಾಯಿತು.

ಪೈಪೋಟಿ ಬಂದ ಮೇಲೆ ಅಂಗನವಾಡಿ ಕಣ್ಣಿಗೆ ಚೆನ್ನಾಗಿ ಕಾಣಬೇಕಲ್ವಾ? ಪಕ್ಕದ ಬೀದಿಯ ಕಾನ್ವೆಂಟಿನಲ್ಲಿ ಟಿವಿ ಇದ್ದರೆ ಇಲ್ಲೂ ಇರಲಿ ಎಂಬ ಒತ್ತಡ ಪೋಷಕರಿಂದಲೂ ಬರುತ್ತದೆ. ಕೇಂದ್ರದ ‘ಸಕ್ಷಮ್ ಅಂಗನವಾಡಿ ಮತ್ತು ಪೋಷಣ್ 2.0’ ಯೋಜನೆಯಲ್ಲಿ ವರ್ಷಕ್ಕೆ 40 ಸಾವಿರದಂತೆ ದೇಶದ 2 ಲಕ್ಷ ಅಂಗನವಾಡಿಗಳನ್ನು ಮೇಲ್ದರ್ಜೆಗೆ ಏರಿಸುವ ಗುರಿ ಇದೆ. ಆ ಪಟ್ಟಿಯಲ್ಲಿ ನೀರಿನ ಫಿಲ್ಟರ್ ಇದೆ, ಕೈತೋಟ ಇದೆ, ಇಂಟರ್ನೆಟ್ ಮತ್ತು ಎಲ್‌ಇಡಿ ಪರದೆಯೂ ಇವೆ.

ಇದಕ್ಕೆ ಎದುರಾಗಿ ನಿಲ್ಲುವುದು ವಿಶ್ವ ಆರೋಗ್ಯ ಸಂಸ್ಥೆಯ 2019ರ ಸಲಹೆ. ಎರಡರಿಂದ ನಾಲ್ಕು ವರ್ಷದ ಮಕ್ಕಳು ಕೂತು ಪರದೆ ನೋಡುವ ಹೊತ್ತು ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆ ಇದ್ದಷ್ಟೂ ಒಳ್ಳೆಯದು ಎನ್ನುತ್ತದೆ ಅದು. ಭಾರತದ ಮಕ್ಕಳ ತಜ್ಞರ ಸಂಘವೂ 2021ರಲ್ಲಿ ಹೆಚ್ಚು ಕಡಿಮೆ ಇದನ್ನೇ ಹೇಳಿತು. ಈ ಒಂದು ಗಂಟೆಯಲ್ಲಿ ಮನೆಯ ಟಿವಿ, ಅಪ್ಪನ ಫೋನು, ಊಟ ಮಾಡಿಸಲು ಹಾಕಿಕೊಡುವ ಕಾರ್ಟೂನು ಎಲ್ಲವೂ ಸೇರಿರುತ್ತವೆ. ಅಂಗನವಾಡಿಯಲ್ಲೂ ಪರದೆ ಹಾಕಿದರೆ ಹಲವು ಮಕ್ಕಳ ಲೆಕ್ಕ ಮಧ್ಯಾಹ್ನದೊಳಗೇ ಮುಗಿದುಹೋಗುತ್ತದೆ.

ಇಲ್ಲಿ ಒಂದು ವಿಷಯ ಗಮನಿಸಿ. ಆ ಸಲಹೆ ಮಾತಾಡುತ್ತಿರುವುದು ಓಡಾಟ, ನಿದ್ದೆ ಮತ್ತು ಸುಮ್ನೆ ಕೂತು ನೋಡುವ ಹೊತ್ತಿನ ಬಗ್ಗೆ. ಕಿವಿ ಮಿಷನ್ ಬಗ್ಗೆ, ಮಾತಿಗೆ ನೆರವಾಗುವ ಸಾಧನದ ಬಗ್ಗೆ ಅದು ಏನೂ ಹೇಳಿಲ್ಲ. ಇದನ್ನು ಮರೆತು ‘ಡಾಕ್ಟರೇ ಬೇಡ ಅಂದಿದ್ದಾರೆ’ ಎಂದು ಒಂದು ಮಗುವಿನ ಸಂವಹನ ಸಾಧನವನ್ನೇ ಕಿತ್ತಿಡುವುದು ದೊಡ್ಡ ಅನ್ಯಾಯ.

ಒಂದೇ ವಿಡಿಯೊ, ಇಪ್ಪತ್ತೈದು ಮಕ್ಕಳು

ಪುಟ್ಟ ಮಕ್ಕಳು ವಿಡಿಯೊದಿಂದ ಎಷ್ಟು ಕಲಿಯುತ್ತಾರೆ? ಇದರ ಬಗ್ಗೆ ಒಳ್ಳೆಯ ಪುರಾವೆ ಇದೆ. 2003ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಪೆಟ್ರೀಷಿಯಾ ಕೂಲ್ ಎಂಬ ವಿಜ್ಞಾನಿ ಮತ್ತು ಅವರ ತಂಡ ಒಂದು ಅಧ್ಯಯನ ಪ್ರಕಟಿಸಿತು. ಇಂಗ್ಲಿಷ್ ಮಾತಾಡುವ ಮನೆಗಳ ಒಂಬತ್ತು ತಿಂಗಳ ಕೂಸುಗಳಿಗೆ ಚೀನಾದ ಮ್ಯಾಂಡರಿನ್ ಭಾಷೆ ಕೇಳಿಸಿದರು. ಒಂದು ಗುಂಪಿನ ಜತೆ ಎದುರಿಗೆ ಕೂತ ಮನುಷ್ಯರು ಆಡುತ್ತಾ ಮಾತಾಡಿದರು. ಇನ್ನೊಂದು ಗುಂಪಿಗೆ ಅದೇ ಜನರ ಅದೇ ಮಾತನ್ನು ವಿಡಿಯೊದಲ್ಲಿ ತೋರಿಸಿದರು. ಎದುರಿಗೆ ಕೇಳಿದ ಕೂಸುಗಳು ಆ ಭಾಷೆಯ ಧ್ವನಿಗಳನ್ನು ಬೇರೆ ಬೇರೆಯಾಗಿ ಗುರುತಿಸಲು ಕಲಿತವು. ವಿಡಿಯೊ ನೋಡಿದ ಕೂಸುಗಳು ಕಲಿಯಲಿಲ್ಲ.

2014ರ ಇನ್ನೊಂದು ಅಧ್ಯಯನ ಎರಡು, ಎರಡೂವರೆ ವರ್ಷದ ಮಕ್ಕಳ ಮೇಲೆ ನಡೆಯಿತು. ಮೊದಲೇ ಚಿತ್ರೀಕರಿಸಿಟ್ಟ ವಿಡಿಯೊದಿಂದ ಹೊಸ ಪದ ಕಲಿಯದ ಮಕ್ಕಳು ವಿಡಿಯೊ ಕಾಲ್‌ನಿಂದ ಕಲಿತರು. ಎರಡರಲ್ಲೂ ಪರದೆಯೇ ಇತ್ತು. ವ್ಯತ್ಯಾಸ ಇದ್ದದ್ದು ಆ ಕಡೆಯ ಮನುಷ್ಯರಲ್ಲಿ. ವಿಡಿಯೊ ಕಾಲ್‌ನಲ್ಲಿ ಮಗು ನಕ್ಕರೆ ಆ ಕಡೆಯವರು ನಗುತ್ತಾರೆ, ಮಗು ಕೈ ತೋರಿಸಿದರೆ ಅದಕ್ಕೆ ಉತ್ತರ ಬರುತ್ತದೆ. ಈ ಕೊಡುಕೊಳೆ ಇಲ್ಲದಿದ್ದರೆ ಆ ವಯಸ್ಸಿನಲ್ಲಿ ಮಾತು ನಾಟುವುದು ಕಷ್ಟ.

ಈಗ ಅಂಗನವಾಡಿಯ ಗೋಡೆಗೆ ಬನ್ನಿ. ಪರದೆಯಲ್ಲಿ ಒಂದು ಶಿಶುಗೀತೆ ಹಾಕಿದ್ದಾರೆ. ಇಪ್ಪತ್ತೈದು ಮಕ್ಕಳಿಗೂ ಅದೇ ವೇಗ, ಅದೇ ಸದ್ದು, ಅದೇ ಭಾಷೆ. ಕಿವಿ ಮಂದವಿರುವ ಮಗುವಿಗೆ ಪದಗಳು ಕೇಳಿಸುವುದಿಲ್ಲ. ದೃಷ್ಟಿ ಕಡಿಮೆ ಇರುವ ಮಗುವಿಗೆ ಬಣ್ಣದ ಕಲೆಗಳಷ್ಟೇ ಕಾಣುತ್ತವೆ. ಆಟಿಸಂ ಇರುವ ಮಗುವಿಗೆ ಆ ಸದ್ದೇ ಹಿಂಸೆ ಆಗಬಹುದು. ತಾಂಡಾದಿಂದ ಬಂದ ಮಗುವಿಗೆ ಹಾಡಿನ ಕನ್ನಡ ಇನ್ನೂ ಹೊಸದು. ಹಾಡು ಪೂರ್ತಿ ದಕ್ಕುವುದು ಕಿವಿ, ಕಣ್ಣು, ಭಾಷೆ ಎಲ್ಲ ಸರಿಯಿರುವ ಮಕ್ಕಳಿಗೆ. ಅಂದರೆ ನೆರವು ಅತಿ ಕಡಿಮೆ ಬೇಕಾದವರಿಗೆ ಅತಿ ಹೆಚ್ಚು ಸಿಗುತ್ತದೆ.

ಹಾಗೆಂದು ಪರದೆಗೆ ಕೆಲಸವೇ ಇಲ್ಲ ಎಂದೇನಲ್ಲ. ಭಾರತೀಯ ಸನ್ನೆ ಭಾಷೆಯ ಪಾಠಗಳಿಗಾಗಿಯೇ ಪಿಎಂ ಇ-ವಿದ್ಯಾದ 31ನೇ ಚಾನೆಲ್ 2024ರ ಡಿಸೆಂಬರ್‌ನಲ್ಲಿ ಶುರುವಾಗಿದೆ. ಕಿವುಡ ಮಗು ಇರುವ ಅಂಗನವಾಡಿಯ ಟೀಚರ್ ಮಕ್ಕಳೆಲ್ಲ ಹೋದ ಮೇಲೆ ಅದನ್ನು ನೋಡಿ ಹತ್ತು ಸನ್ನೆ ಕಲಿತರೆ ಪರದೆ ಸಾರ್ಥಕ. ಆದರೆ ಅದಕ್ಕೆ ಎಲ್‌ಇಡಿ ಬೇಕಿಲ್ಲ, ಫೋನ್ ಸಾಕು.

ಕಿವಿಯಿಂದ ಶುರು ಮಾಡೋಣ

ತಂತ್ರಜ್ಞಾನ ಪುಟ್ಟ ಮಕ್ಕಳಿಗೆ ನಿಜವಾಗಿ ಏನು ಮಾಡಬಲ್ಲದು ಎಂದು ತಿಳಿಯಲು ಶ್ರವಣದ ಉದಾಹರಣೆ ಎಲ್ಲಕ್ಕಿಂತ ಒಳ್ಳೆಯದು. ಇಲ್ಲಿ ಯಂತ್ರವಿದೆ, ವಿಜ್ಞಾನವಿದೆ, ಸರ್ಕಾರಿ ಯೋಜನೆಯೂ ಇದೆ. ಆದರೂ ಮಕ್ಕಳು ನಡುವೆ ಕಳೆದುಹೋಗುತ್ತಾರೆ. ಎಲ್ಲಿ, ಯಾಕೆ ಎಂದು ನೋಡಬೇಕು.

ಮಗುವಿಗೆ ಮೂರು ವರ್ಷವಾದರೂ ಮಾತು ಬಂದಿಲ್ಲ ಎಂದುಕೊಳ್ಳಿ. ಮನೆಯಲ್ಲಿ ಹಿರಿಯರು ‘ಅವರಪ್ಪನೂ ಲೇಟಾಗೇ ಮಾತಾಡಿದ್ದು, ಬರುತ್ತೆ ಬಿಡು’ ಎನ್ನುತ್ತಾರೆ. ಕೆಲವೊಮ್ಮೆ ಅದು ನಿಜವೂ ಆಗುತ್ತದೆ. ಆದರೆ ಮಾತು ತಡವಾಗಲು ಕಿವಿ ಕೇಳಿಸದಿರುವುದು ಕಾರಣವಾಗಿದ್ದರೆ, ಕಾಯುವ ಒಂದೊಂದು ತಿಂಗಳೂ ನಷ್ಟ. ಮೆದುಳಿನ ಕೇಳುವ ಭಾಗ ಮೊದಲ ಕೆಲವು ವರ್ಷ ಸದ್ದಿಗಾಗಿ ಕಾದಿರುತ್ತದೆ. ಸದ್ದು ಬರದಿದ್ದರೆ ಆ ಜಾಗವನ್ನು ಮೆದುಳು ಬೇರೆ ಕೆಲಸಕ್ಕೆ ಬಳಸಿಕೊಳ್ಳಲು ತೊಡಗುತ್ತದೆ. ಹುಟ್ಟಿನಿಂದ ಕಿವುಡಾದ ಮಕ್ಕಳಿಗೆ ಕಾಕ್ಲಿಯರ್ ಇಂಪ್ಲಾಂಟ್ (ಆಪರೇಷನ್ ಮಾಡಿ ಒಳಗಿವಿಗೆ ಜೋಡಿಸುವ ಶ್ರವಣ ಸಾಧನ) ಮಾಡುವುದಾದರೆ ಮೂರೂವರೆ ವರ್ಷದೊಳಗೆ ಮಾಡಿದಾಗ ಫಲ ಚೆನ್ನಾಗಿರುತ್ತದೆ ಎಂದು ಸಂಶೋಧನೆಗಳು ತೋರಿಸಿವೆ. ಅಮೆರಿಕದಲ್ಲಿ 1998ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಆರು ತಿಂಗಳೊಳಗೆ ದೋಷ ಪತ್ತೆಯಾಗಿ ನೆರವು ಸಿಕ್ಕ ಮಕ್ಕಳ ಭಾಷೆ, ತಡವಾಗಿ ಪತ್ತೆಯಾದವರಿಗಿಂತ ಸ್ಪಷ್ಟವಾಗಿ ಮುಂದಿತ್ತು. ಅದಕ್ಕೇ ಈ ಕ್ಷೇತ್ರದಲ್ಲಿ ಒಂದು–ಮೂರು–ಆರು ಎಂಬ ಲೆಕ್ಕ ಇದೆ. ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ದೋಷ ಖಚಿತವಾಗಬೇಕು, ಆರು ತಿಂಗಳೊಳಗೆ ನೆರವು ಶುರುವಾಗಬೇಕು.

ಹುಟ್ಟಿದ ಕೂಸಿನ ಕಿವಿ ಪರೀಕ್ಷಿಸುವುದು ಹೇಗೆ? ಅದು ‘ಕೇಳಿಸಿತು’ ಎಂದು ಹೇಳುವುದಿಲ್ಲವಲ್ಲ. ಇಲ್ಲಿ ಯಂತ್ರ ನಿಜಕ್ಕೂ ಬೇಕು. ಓಎಇ ಎಂಬ ಪರೀಕ್ಷೆಯಲ್ಲಿ ಪುಟ್ಟ ಮೊನೆಯೊಂದನ್ನು ಕಿವಿಯಲ್ಲಿಟ್ಟು ಮೆಲ್ಲನೆ ಸದ್ದು ಕಳಿಸುತ್ತಾರೆ. ಒಳಗಿವಿ ಆರೋಗ್ಯವಾಗಿದ್ದರೆ ಅದು ತಿರುಗಿ ಒಂದು ಸಣ್ಣ ಪ್ರತಿಧ್ವನಿ ಕೊಡುತ್ತದೆ. ಯಂತ್ರ ಅದನ್ನು ಹಿಡಿಯುತ್ತದೆ. ಮಗು ಮಲಗಿದ್ದಾಗ ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ, ನೋವಿಲ್ಲ.

ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೆ. ದೇಶದ ಬೇರೆ ಭಾಗಗಳಿಂದಲೂ ಜನ ಹುಡುಕಿಕೊಂಡು ಬರುವ ಜಾಗ ಅದು. ಇಂಪ್ಲಾಂಟ್‌ಗೆ, ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರದ ಎಡಿಐಪಿ ಯೋಜನೆಯ ನೆರವಿದೆ. ರಾಜ್ಯದ ‘ಶ್ರವಣ ಸಂಜೀವಿನಿ’ ಯೋಜನೆ ಆರು ವರ್ಷದೊಳಗಿನ ಮಕ್ಕಳಿಗಾಗಿ ಇದೆ. ಅಂದರೆ ದುಬಾರಿ ಭಾಗಕ್ಕೆ ಸರ್ಕಾರ ಕೈ ಜೋಡಿಸುತ್ತದೆ.

ಸರಪಳಿ ತುಂಡಾಗುವುದು ಅದರ ಹಿಂದೆ ಮತ್ತು ಮುಂದೆ. ಹಿಂದೆ ಎಂದರೆ, ಹುಟ್ಟಿದಾಗ ತಪಾಸಣೆ ಆಗದೆ ಮನೆಗೆ ಹೋದ ಮಗು ಮೂರು ವರ್ಷಕ್ಕೆ ಅಂಗನವಾಡಿಗೆ ಬರುವವರೆಗೂ ಯಾರ ಕಣ್ಣಿಗೂ ಬೀಳುವುದಿಲ್ಲ. ಮುಂದೆ ಎಂದರೆ ಆಪರೇಷನ್ ಆದ ಮೇಲಿನ ಬದುಕು. ಇಂಪ್ಲಾಂಟ್ ಹಾಕಿದ ಕೂಡಲೇ ಮಗು ಮಾತಾಡುವುದಿಲ್ಲ. ಕೇಳಿಸುವ ಸದ್ದಿಗೆ ಅರ್ಥ ಕಟ್ಟಲು ಬಹಳ ಕಾಲ ತರಬೇತಿ ಬೇಕು. ವಾರವಾರ ತಾಯಿ ಮಗುವನ್ನು ಎತ್ತಿಕೊಂಡು ನಗರಕ್ಕೆ ಹೋಗಬೇಕು. ಒಂದು ದಿನದ ಕೂಲಿ ಹೋಗುತ್ತದೆ. ಬ್ಯಾಟರಿ ಮುಗಿಯುತ್ತದೆ, ವೈರು ಕಿತ್ತುಹೋಗುತ್ತದೆ, ವಾರಂಟಿ ಕಳೆಯುತ್ತದೆ. ಲಕ್ಷಾಂತರ ರೂಪಾಯಿಯ ಸಾಧನ ಸಣ್ಣ ಬಿಡಿಭಾಗ ಇಲ್ಲದೆ ಬೀರುವಿನಲ್ಲಿ ಕೂರುವ ಅಪಾಯ ಇಲ್ಲಿಯೇ ಇರುವುದು.

ಅಂಗನವಾಡಿಯ ಪಾಲು ಇಲ್ಲಿ ಶುರುವಾಗುತ್ತದೆ. ಕಿವಿ ಮಿಷನ್ ಟೀಚರ್ ಮಾತನ್ನಷ್ಟೇ ಅಲ್ಲ, ಬೆಂಚು ಎಳೆಯುವ ಸದ್ದು, ಕುಕ್ಕರ್ ಕೂಗು, ರಸ್ತೆಯ ಟ್ರ್ಯಾಕ್ಟರ್ ಎಲ್ಲವನ್ನೂ ದೊಡ್ಡದು ಮಾಡುತ್ತದೆ. ತಗಡಿನ ಚಾವಣಿಯ ಒಂದೇ ಕೋಣೆಯಲ್ಲಿ ಅಡುಗೆ, ಪಾಠ ಎರಡೂ ನಡೆದರೆ ಆ ಮಗುವಿಗೆ ಕೇಳಿಸುವುದು ಗದ್ದಲ ಮಾತ್ರ. ನೆಲಕ್ಕೆ ಚಾಪೆ, ಕಿಟಕಿಗೆ ದಪ್ಪ ಪರದೆ ಬಟ್ಟೆ, ಮಗುವನ್ನು ಹತ್ತಿರ ಕೂರಿಸಿಕೊಂಡು ಮುಖ ನೋಡಿ ಮಾತಾಡುವುದು. ಇಷ್ಟು ಮಾಡಿದರೆ ಅದೇ ಮಿಷನ್ ಎಷ್ಟೋ ಚೆನ್ನಾಗಿ ಕೆಲಸ ಮಾಡುತ್ತದೆ. ದಿನಾ ಬೆಳಗ್ಗೆ ಬ್ಯಾಟರಿ ನಡೆಯುತ್ತಿದೆಯೇ ಎಂದು ನೋಡುವುದನ್ನು ಟೀಚರ್‌ಗೆ ಹೇಳಿಕೊಟ್ಟರೆ ಇನ್ನೂ ಒಳ್ಳೆಯದು.

ಇನ್ನೊಂದು ಸಾಮಾನ್ಯ ತೊಂದರೆ ಕಿವಿ ಸೋರುವುದು. ನೆಗಡಿ ಜಾಸ್ತಿಯಾಗಿ ಮಧ್ಯಕಿವಿಯಲ್ಲಿ ನೀರು ತುಂಬಿದರೂ ಮಗುವಿಗೆ ಕೆಲವು ವಾರ ಸರಿಯಾಗಿ ಕೇಳಿಸುವುದಿಲ್ಲ. ಆ ಮಗುವಿಗೆ ‘ಹೇಳಿದ ಮಾತು ಕೇಳಲ್ಲ, ಮೊಂಡ’ ಎಂಬ ಹೆಸರು ಬರುತ್ತದೆ. ಇದಕ್ಕೆ ಬೇಕಿರುವುದು ಕಿವಿಯೊಳಗೆ ಇಣುಕಿ ನೋಡುವ ಒಬ್ಬ ಡಾಕ್ಟರು, ಅಷ್ಟೇ.

ಸನ್ನೆಯೋ, ಇಂಪ್ಲಾಂಟೋ

ಈ ವಿಷಯದಲ್ಲಿ ತೀವ್ರವಾದ ಭಿನ್ನಾಭಿಪ್ರಾಯ ಇದೆ. ಆಪರೇಷನ್ ಆದ ಮಗುವಿಗೆ ಸನ್ನೆ ಕಲಿಸಿದರೆ ಅದು ಮಾತು ಕಲಿಯಲು ಶ್ರಮ ಪಡುವುದಿಲ್ಲ ಎಂದು ಕೆಲವು ಥೆರಪಿಸ್ಟರು ಹೇಳುತ್ತಾ ಬಂದಿದ್ದಾರೆ. ಕಿವುಡ ಸಮುದಾಯದ ಹಲವರ ಉತ್ತರ ಬೇರೆ. ಕಿವುಡುತನವನ್ನು ಸರಿಪಡಿಸಬೇಕಾದ ದೋಷ ಎಂದೇ ನೋಡುವುದನ್ನು ಅವರು ಒಪ್ಪುವುದಿಲ್ಲ. ಸನ್ನೆ ಭಾಷೆ ಪೂರ್ತಿ ಭಾಷೆ, ಅದನ್ನು ಮಗುವಿನಿಂದ ಕಸಿಯಬೇಡಿ ಎನ್ನುತ್ತಾರೆ.

ಕೊನೆಗೆ ನೋಡಬೇಕಾದದ್ದು ಮಗುವಿನ ಕೈಯಲ್ಲಿ ಭಾಷೆ ಇದೆಯೇ ಎಂಬುದನ್ನು. ಇಂಪ್ಲಾಂಟ್ ಫಲ ಕೊಡಲು ಸಮಯ ಬೇಕು, ಎಲ್ಲರಿಗೂ ಒಂದೇ ರೀತಿ ಕೊಡುವುದೂ ಇಲ್ಲ. ಆ ನಡುವಿನ ವರ್ಷಗಳಲ್ಲಿ ಮಗು ಯಾವ ಭಾಷೆಯೂ ಇಲ್ಲದೆ ಇದ್ದರೆ ಅದರ ಯೋಚನೆ, ಸ್ನೇಹ, ಸಿಟ್ಟು ಹೇಳಿಕೊಳ್ಳುವ ಶಕ್ತಿ ಎಲ್ಲವೂ ಹಿಂದೆ ಬೀಳುತ್ತವೆ. ಹಾಗಾಗಿ ಮೂರು ವರ್ಷದ ಮಗುವಿಗೆ ಸನ್ನೆ ಬೇಡ ಎನ್ನುವ ಸಲಹೆ ನನಗೆ ಸರಿ ಕಾಣುವುದಿಲ್ಲ. ಎರಡೂ ಇರಲಿ.

ಮಾತು ಬಾರದ ಮಗುವಿಗೆ ಮಾತಿನ ದಾರಿ

ಆಟಿಸಂ ಅಥವಾ ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಸ್ನಾಯುಗಳ ಹಿಡಿತ ತಪ್ಪುವ ಸ್ಥಿತಿ) ಇರುವ ಕೆಲವು ಮಕ್ಕಳಿಗೆ ಕಿವಿ ಚೆನ್ನಾಗಿ ಕೇಳಿಸುತ್ತದೆ, ಹೇಳಿದ್ದು ಅರ್ಥವೂ ಆಗುತ್ತದೆ. ಮಾತು ಮಾತ್ರ ಹೊರಗೆ ಬರುವುದಿಲ್ಲ. ಇವರಿಗೆ ಚಿತ್ರ ತೋರಿಸಿ ಹೇಳುವ ದಾರಿ ಇದೆ. ‘ಊಟ’, ‘ನೀರು’, ‘ಸಾಕು’, ‘ಬೇಡ’, ‘ಹೊರಗೆ ಹೋಗೋಣ’ ಎಂಬ ಚಿತ್ರಗಳ ಹಾಳೆ ಇದರ ಮೊದಲ ರೂಪ. ಟ್ಯಾಬ್ ಆ್ಯಪ್ ಮುಂದಿನ ರೂಪ. ಅಲ್ಲಿ ಚಿತ್ರ ಒತ್ತಿದರೆ ಧ್ವನಿ ಬರುತ್ತದೆ. ಬಾಂಬೆ ಐಐಟಿಯಲ್ಲಿ ರೂಪುಗೊಂಡ ‘ಜೆಲ್ಲೊ’, ಚೆನ್ನೈನಲ್ಲಿ ಹುಟ್ಟಿದ ‘ಆವಾಜ್’ ಇಂಥವು. ದೃಷ್ಟಿ ಇಲ್ಲದ ಮಕ್ಕಳು ಬ್ರೈಲ್ ಕಲಿಯಲು ಬೆಂಗಳೂರಿನ ಥಿಂಕರ್‌ಬೆಲ್ ಲ್ಯಾಬ್ಸ್ ಮಾಡಿದ ‘ಆ್ಯನಿ’ ಎಂಬ ಮಾತಾಡುವ ಸಾಧನವೂ ಇದೇ ಸಾಲಿಗೆ ಸೇರುತ್ತದೆ.

ತಂದೆ ತಾಯಿಗೆ ಇಲ್ಲೊಂದು ಭಯ ಇದೆ. ಬಟನ್ ಒತ್ತಿ ಕೇಳುವುದು ಅಭ್ಯಾಸವಾದರೆ ಮಗು ಬಾಯಿ ಬಿಡುವುದೇ ಇಲ್ಲವೇನೋ ಎಂಬುದು. ಈ ಬಗ್ಗೆ ನಡೆದ ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದ ವಿಮರ್ಶೆಗಳಲ್ಲಿ ಇಂಥ ಸಾಧನ ಮಾತನ್ನು ತಡೆಯುತ್ತದೆ ಎಂದು ಕಂಡುಬಂದಿಲ್ಲ. ಹಲವು ಮಕ್ಕಳಲ್ಲಿ ಮಾತು ಸ್ವಲ್ಪ ಹೆಚ್ಚಿದೆ. ಬೇಕಾದದ್ದನ್ನು ಹೇಳಲು ದಾರಿ ಸಿಕ್ಕಾಗ ಕಿರುಚಾಟ, ಕಚ್ಚುವುದು ಕಡಿಮೆಯಾಗುವುದೂ ಉಂಟು. ಯಾಕೆಂದರೆ ಎಷ್ಟೋ ಸಲ ಆ ಕಿರುಚಾಟವೇ ಮಗುವಿನ ಮಾತಾಗಿರುತ್ತದೆ.

ಆದರೆ ಸಾಧನ ತಂದುಕೊಟ್ಟರೆ ಮುಗಿಯಲಿಲ್ಲ. ಸುತ್ತಲಿನ ದೊಡ್ಡವರು ತಾವೂ ಅದೇ ಚಿತ್ರ ಮುಟ್ಟುತ್ತಾ ಮಾತಾಡಬೇಕು. ಮಾತು ಬರುವ ಮಗು ಮಾತು ಕಲಿಯುವುದು ಕೇಳಿ ಕೇಳಿ ತಾನೇ? ಚಿತ್ರದಿಂದ ಮಾತಾಡುವ ಮಗುವಿಗೂ ನೋಡಿ ನೋಡಿಯೇ ಬರಬೇಕು. ವಾರಕ್ಕೊಮ್ಮೆ ಥೆರಪಿ ಕೋಣೆಯಲ್ಲಿ ಮಾತ್ರ ಸಿಗುವ ಟ್ಯಾಬ್‌ನಿಂದ ಇದು ಆಗುವುದಿಲ್ಲ. ಊಟದ ಹೊತ್ತಿಗೂ, ಜಾರುಬಂಡೆಯ ಹತ್ತಿರವೂ ಅದು ಜತೆಗಿರಬೇಕು. ಚಿತ್ರಗಳೂ ಮಗುವಿನ ಬದುಕಿನವೇ ಆಗಿರಬೇಕು. ಮನೆಯಲ್ಲಿ ಮುದ್ದೆ, ಅನ್ನ ಸಾರು ತಿನ್ನುವ ಮಗುವಿಗೆ ಬರ್ಗರ್ ಚಿತ್ರ ತೋರಿಸಿ ‘ಊಟ’ ಎಂದರೆ ಏನು ಹೊಳೆಯುತ್ತದೆ? ಅಜ್ಜಿಯ ಫೋಟೊ, ಅಂಗನವಾಡಿಯ ಅದೇ ತಟ್ಟೆಯ ಫೋಟೊ ತೆಗೆದು ಹಾಕಲು ಟೀಚರ್‌ಗೆ ಫೋನ್ ಸಾಕು. ಪ್ರಿಂಟ್ ತೆಗೆಸಿ ಲ್ಯಾಮಿನೇಟ್ ಮಾಡಿಸಿ ಗೋಡೆಗೆ ಹಚ್ಚಿದರೆ ಕರೆಂಟ್ ಹೋದರೂ ಮಗುವಿನ ಮಾತು ನಿಲ್ಲುವುದಿಲ್ಲ. ಆ ಗೋಡೆಯನ್ನು ಉಳಿದ ಮಕ್ಕಳೂ ಬಳಸಲು ಶುರು ಮಾಡಿದರೆ ಆ ಮಗು ಒಂಟಿಯೂ ಆಗುವುದಿಲ್ಲ.

ಮನೆಮಾತು ಬೇರೆಯಾದಾಗ

ನಮ್ಮ ಅಂಗನವಾಡಿಗಳಲ್ಲಿ ತುಳು, ಕೊಂಕಣಿ, ಬ್ಯಾರಿ, ಕೊಡವ, ಉರ್ದು, ಲಂಬಾಣಿ, ಮರಾಠಿ, ತೆಲುಗು ಮನೆಮಾತಿನ ಮಕ್ಕಳಿದ್ದಾರೆ. ಬೆಂಗಳೂರಿನ ಕಟ್ಟಡ ಕಾರ್ಮಿಕರ ಶೆಡ್ಡುಗಳ ಹತ್ತಿರ ಒಡಿಯಾ, ಬಂಗಾಳಿ, ಹಿಂದಿ ಮಾತಾಡುವ ಮಕ್ಕಳಿದ್ದಾರೆ. ಮೊದಲ ತಿಂಗಳುಗಳಲ್ಲಿ ಇವರಲ್ಲಿ ಕೆಲವರು ಬಾಯಿಯೇ ಬಿಡುವುದಿಲ್ಲ. ಅದು ಹೊಸ ಭಾಷೆಯನ್ನು ಕೇಳಿಸಿಕೊಳ್ಳುವ ಕಾಲ, ಸಹಜವಾದದ್ದು.

ತಪಾಸಣೆಯ ಪಟ್ಟಿ ಕೈಗೆ ಬಂದಾಗ ತೊಡಕು ಶುರು. ‘ಎರಡು ಮೂರು ಪದ ಸೇರಿಸಿ ಮಾತಾಡುತ್ತದೆಯೇ’ ಎಂದು ಕನ್ನಡದಲ್ಲಿ ಕೇಳಿ, ಮಗು ಸುಮ್ಮನಿದ್ದರೆ ‘ಇಲ್ಲ’ ಎಂದು ಗುರುತು ಹಾಕಿದರೆ, ಮನೆಯಲ್ಲಿ ಲಂಬಾಣಿಯಲ್ಲಿ ಹರಟುವ ಮಗುವಿಗೆ ದೋಷದ ಹಣೆಪಟ್ಟಿ ಅಂಟುತ್ತದೆ. ಉಲ್ಟಾ ಕೂಡ ಆಗುತ್ತದೆ. ‘ಅದಕ್ಕೆ ಕನ್ನಡ ಬರಲ್ಲ, ಅದಕ್ಕೇ ಸುಮ್ಮನಿದೆ’ ಎಂದುಕೊಂಡು ನಿಜವಾಗಿ ಕಿವಿ ಕೇಳಿಸದ ಮಗುವನ್ನು ವರ್ಷಗಟ್ಟಲೆ ಹಾಗೇ ಬಿಟ್ಟುಬಿಡುತ್ತಾರೆ. ಎರಡನ್ನೂ ತಪ್ಪಿಸಲು ಮೊದಲು ತಾಯಿಯನ್ನು ಕೇಳಬೇಕು, ಮನೆಮಾತಿನಲ್ಲಿ ಹೇಗೆ ಮಾತಾಡುತ್ತದೆ ಎಂದು. ಮನೆಯಲ್ಲಿ ಎರಡು ಭಾಷೆ ಇದ್ದರೆ ಮಾತು ತಡವಾಗುತ್ತದೆ ಎಂಬ ನಂಬಿಕೆಗೆ ಸಂಶೋಧನೆಯ ಬೆಂಬಲ ಇಲ್ಲ. ಆ ಹೆದರಿಕೆಯಿಂದ ಮನೆಮಾತು ಬಿಡಿಸುವುದು ತಪ್ಪು.

ಇಲ್ಲಿ ತಂತ್ರಜ್ಞಾನಕ್ಕೆ ಒಳ್ಳೆಯ, ಸರಳವಾದ ಕೆಲಸ ಇದೆ. ಟೀಚರ್‌ಗೆ ಬಾರದ ಭಾಷೆಯ ಕಥೆಯನ್ನು ಮಗುವಿನ ಅಜ್ಜಿ ಫೋನಿನಲ್ಲಿ ರೆಕಾರ್ಡ್ ಮಾಡಿ ಕೊಟ್ಟರೆ ತರಗತಿಯಲ್ಲಿ ಕೇಳಿಸಬಹುದು. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್‌ನಲ್ಲಿ ಒಂದೇ ಚಿತ್ರಕಥೆ ಹಲವು ಭಾಷೆಗಳಲ್ಲಿ ಉಚಿತವಾಗಿ ಸಿಗುತ್ತದೆ. ಒಡಿಯಾ ಕುಟುಂಬದ ಜತೆ ಮಾತಾಡಲು ಕೇಂದ್ರದ ಭಾಷಿಣಿಯಂಥ ಅನುವಾದ ಸೇವೆ ಟೀಚರ್‌ಗೆ ನೆರವಾಗಬಹುದು. ಆದರೆ ಮಗುವಿನ ಮಾತನ್ನೇ ಯಂತ್ರಕ್ಕೆ ಕೇಳಿಸಿ ಅಂಕ ಕೊಡುವ ಆ್ಯಪ್‌ಗಳ ಬಗ್ಗೆ ಎಚ್ಚರ ಬೇಕು. ಮಾತು ಗುರುತಿಸುವ ಯಂತ್ರಗಳು ಹೆಚ್ಚಾಗಿ ದೊಡ್ಡವರ ಧ್ವನಿಯಿಂದ ಕಲಿತಿರುತ್ತವೆ. ನಾಲ್ಕು ವರ್ಷದವರ ತೊದಲು ಕನ್ನಡದಲ್ಲಿ ಅವು ಎಡವುತ್ತವೆ. ಲಂಬಾಣಿ, ಬ್ಯಾರಿಯಂಥ ಭಾಷೆಗಳಲ್ಲಿ ಕಲಿಯಲು ಅವುಗಳಿಗೆ ಸಾಮಗ್ರಿಯೇ ಕಡಿಮೆ.

ಟೀಚರ್ ಹೊತ್ತು ಎಲ್ಲಿಗೆ ಹೋಗುತ್ತಿದೆ

ಮೇಲೆ ಹೇಳಿದ್ದೆಲ್ಲ ಆಗಬೇಕಾದರೆ ಟೀಚರ್‌ಗೆ ಸಮಯ ಇರಬೇಕು. ಈಗ ಅವರ ಕೈಯಲ್ಲಿರುವ ತಂತ್ರಜ್ಞಾನ ಎಂದರೆ ಮುಖ್ಯವಾಗಿ 2021ರ ಮಾರ್ಚ್‌ನಲ್ಲಿ ಬಂದ ಪೋಷಣ್ ಟ್ರ್ಯಾಕರ್ ಆ್ಯಪ್. ಹಾಜರಿ, ತೂಕ, ಎತ್ತರ, ಊಟದ ವಿವರ ಎಲ್ಲ ಅದರಲ್ಲಿ ತುಂಬಬೇಕು. 2025ರ ಜುಲೈನಿಂದ ಮನೆಗೆ ಕೊಡುವ ಆಹಾರ ಪಡೆಯುವವರ ಮುಖ ಗುರುತಿಸುವ ಕೆಲಸವೂ ಕಡ್ಡಾಯವಾಗಿ ಸೇರಿತು. ನೆಟ್‌ವರ್ಕ್ ಇಲ್ಲ, ಮುಖ ಹೊಂದುತ್ತಿಲ್ಲ, ಒಟಿಪಿ ಬರುತ್ತಿಲ್ಲ ಎಂಬ ದೂರುಗಳನ್ನು ಕಾರ್ಯಕರ್ತೆಯರ ಸಂಘಟನೆಗಳು ಮತ್ತೆ ಮತ್ತೆ ಮುಂದಿಟ್ಟಿವೆ.

ಸರ್ಕಾರದ ವಾದವನ್ನೂ ಕೇಳಬೇಕು. ಸುಳ್ಳು ಹೆಸರಲ್ಲಿ ಆಹಾರ ಸೋರುವುದನ್ನು ತಡೆಯಬೇಕು. ಅಪೌಷ್ಟಿಕ ಮಗು ಯಾವ ಊರಲ್ಲಿದೆ ಎಂದು ಅದೇ ತಿಂಗಳು ಗೊತ್ತಾದರೆ ಅದೇ ತಿಂಗಳು ಕ್ರಮ ಸಾಧ್ಯ. ಈ ವಾದದಲ್ಲಿ ಹುರುಳಿದೆ. ಆದರೆ ಪರಿಣಾಮ ಮಾತ್ರ ಟೀಚರ್ ಹೊತ್ತಿನ ಮೇಲೆ ಬೀಳುತ್ತದೆ. ಒಬ್ಬ ಟೀಚರ್, ಒಬ್ಬ ಸಹಾಯಕಿ ಇರುವ ಜಾಗದಲ್ಲಿ ಫೋನಿಗೆ ಹೋದ ಅರ್ಧ ಗಂಟೆ ಮಕ್ಕಳ ಎರಡು ಗಂಟೆಯಿಂದಲೇ ಕಡಿತವಾಗುತ್ತದೆ. ಆ ಅರ್ಧ ಗಂಟೆಯಲ್ಲಿ ಮಕ್ಕಳನ್ನು ಸುಮ್ಮನಿರಿಸಲು ಏನು ಮಾಡುತ್ತಾರೆ? ಪರದೆ ಇದ್ದರೆ ಪರದೆ ಹಾಕುತ್ತಾರೆ. ಹೀಗೆ ಒಂದು ತಂತ್ರಜ್ಞಾನ ಹುಟ್ಟಿಸಿದ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಇದರಲ್ಲಿ ಹೆಚ್ಚು ಕಳೆದುಕೊಳ್ಳುವುದು ಟೀಚರ್ ಹತ್ತಿರ ಕೂತು ಕಲಿಯಬೇಕಾದ ಮಗುವೇ. ಇದರಲ್ಲಿ ಕಾರ್ಯಕರ್ತೆಯನ್ನು ದೂರಿ ಫಲವಿಲ್ಲ.

ತಪಾಸಣೆ ಆಯಿತು, ಆಮೇಲೆ?

ಗುರುತಿಸುವ ವ್ಯವಸ್ಥೆಗೆ ಕೊರತೆ ಇಲ್ಲ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರಬೇಕು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 25ನೇ ಕಲಂ ವರ್ಷಕ್ಕೊಮ್ಮೆಯಾದರೂ ಎಲ್ಲ ಮಕ್ಕಳ ತಪಾಸಣೆ ಆಗಲಿ ಎನ್ನುತ್ತದೆ. 2022ರಲ್ಲಿ ಶಾಲೆಗಳಿಗಾಗಿ ಎನ್‌ಸಿಇಆರ್‌ಟಿಯ ‘ಪ್ರಶಸ್ತ್’ ಆ್ಯಪ್ ಬಂತು. 2023ರ ನವೆಂಬರ್‌ನಲ್ಲಿ ದಿವ್ಯಾಂಗ ಮಕ್ಕಳಿಗಾಗಿ ಅಂಗನವಾಡಿ ಕಾರ್ಯವಿಧಾನ ಬಂತು. ಅದರಲ್ಲಿ ಬೇಗ ಗುರುತಿಸುವುದು, ಉಳಿದ ಮಕ್ಕಳ ಜತೆ ಸೇರಿಸುವುದು, ಮುಂದಿನ ಚಿಕಿತ್ಸೆಗೆ ಕಳಿಸುವುದು ಎಂಬ ಮೂರು ಹೆಜ್ಜೆಗಳಿವೆ.

ಆದರೆ ಈ ಒಂದೇ ಮಗುವಿನ ಮಾಹಿತಿ ಎಷ್ಟು ಕಡೆ ಹರಿದು ಹಂಚಿಹೋಗಿದೆ ನೋಡಿ. ಪೋಷಣ್ ಟ್ರ್ಯಾಕರ್ ಮಹಿಳಾ ಮತ್ತು ಮಕ್ಕಳ ಇಲಾಖೆಯದು. ಸ್ವಾಸ್ಥ್ಯ ತಂಡದ ವರದಿ ಆರೋಗ್ಯ ಇಲಾಖೆಯದು. ಅಂಗವೈಕಲ್ಯದ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ವಿಕಲಚೇತನರ ಇಲಾಖೆಯದು. ಒಂದನೇ ಕ್ಲಾಸಿಗೆ ಸೇರಿದಾಗ ಶಿಕ್ಷಣ ಇಲಾಖೆಯ ದಾಖಲೆ ಬೇರೆ. ಇವೆಲ್ಲವನ್ನೂ ಜೋಡಿಸುವ ಕೆಲಸ ಕೊನೆಗೆ ತಾಯಿಯ ಕೈಚೀಲದಲ್ಲಿರುವ ಫೈಲಿಗೇ ಬೀಳುತ್ತದೆ. ಮುಂದಿನ ತಪಾಸಣೆ ಮತ್ತು ಚಿಕಿತ್ಸೆಗೆಂದು ಇರುವ ಡಿಇಐಸಿ ಕೇಂದ್ರಗಳು ಜಿಲ್ಲಾ ಮಟ್ಟದಲ್ಲಿವೆ. ಪಾವಗಡದಿಂದ ತುಮಕೂರಿಗೆ ಸುಮಾರು 100 ಕಿಲೋಮೀಟರ್. ಒಂದು ಸಲ ಹೋಗಬಹುದು. ವಾರವಾರ ಹೋಗುವುದು ಕೂಲಿ ಮಾಡುವ ಮನೆಯಿಂದ ಆಗುವ ಮಾತಲ್ಲ.

ಕಾನೂನಿನಲ್ಲೂ ಒಂದು ಕಂದಕ ಇದೆ. ಕಡ್ಡಾಯ ಶಿಕ್ಷಣದ ಹಕ್ಕು 6ರಿಂದ 14 ವರ್ಷದವರಿಗೆ. ಶೇ 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವ ಮಕ್ಕಳಿಗೆ 2016ರ ಕಾಯ್ದೆ ಕೊಡುವ ಉಚಿತ ಶಿಕ್ಷಣದ ಹಕ್ಕು 6ರಿಂದ 18ರವರೆಗೆ. ಆರು ವರ್ಷದೊಳಗಿನವರ ವಿಷಯ ಸಂವಿಧಾನದ 45ನೇ ವಿಧಿಯಲ್ಲಿದೆ, ಅಂದರೆ ಸರ್ಕಾರ ಪ್ರಯತ್ನಿಸಲಿ ಎಂಬ ನಿರ್ದೇಶನದ ಭಾಗದಲ್ಲಿ. ಮೆದುಳು ಅತಿ ವೇಗವಾಗಿ ಬೆಳೆಯುವ ವರ್ಷಗಳಲ್ಲಿ, ನೆರವು ಅತಿ ಹೆಚ್ಚು ಫಲ ಕೊಡುವ ವರ್ಷಗಳಲ್ಲಿ, ಮಗುವಿನ ಕೈಯಲ್ಲಿರುವ ಹಕ್ಕು ಅತಿ ದುರ್ಬಲ. ತಪಾಸಣೆ ಎಷ್ಟಾಯಿತು ಎಂಬ ಲೆಕ್ಕ ಎಲ್ಲರೂ ಕೇಳುತ್ತಾರೆ, ಥೆರಪಿ ಎಷ್ಟು ಮಕ್ಕಳಿಗೆ ಆರು ತಿಂಗಳು ಬಿಡದೆ ಸಿಕ್ಕಿತು ಎಂದು ಕೇಳುವವರು ಕಡಿಮೆ. ಇದಕ್ಕೆ ಕಾನೂನಿನ ಈ ಕಂದಕವೂ ಒಂದು ಕಾರಣ.

ಈ ನಡುವೆ ಫೋನ್ ಕ್ಯಾಮೆರಾ ಮಗುವಿನ ನೋಟ ಗಮನಿಸಿ ಆಟಿಸಂ ಸಾಧ್ಯತೆ ಹೇಳುವ ಎಐ ಸಾಧನಗಳು ಬರುತ್ತಿವೆ. ತಜ್ಞರು ಕಡಿಮೆ ಇರುವ ಕಡೆ ಇವು ಮುಂದೆ ನೆರವಾಗಬಹುದು. ಆದರೆ ಯಂತ್ರ ಕೊಡುವುದು ಸಂಶಯ ಮಾತ್ರ, ರೋಗನಿರ್ಣಯ ಅಲ್ಲ. ಸಂಶಯ ಹುಟ್ಟಿಸಿ ಮುಂದಿನ ದಾರಿ ತೋರಿಸದಿದ್ದರೆ ಮನೆಯವರಿಗೆ ಉಳಿಯುವುದು ಹೆದರಿಕೆ ಮತ್ತು ಊರವರ ಬಾಯಲ್ಲಿ ಮಗುವಿಗೊಂದು ಹೆಸರು. ಮುಖ, ಧ್ವನಿ, ನಡವಳಿಕೆಯ ಈ ಮಾಹಿತಿ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಯೂ ಇದೆ. 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣೆ ಕಾಯ್ದೆ ಮಕ್ಕಳ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕು ಎನ್ನುತ್ತದೆ. 2025ರ ನವೆಂಬರ್‌ನಲ್ಲಿ ಪ್ರಕಟವಾದ ನಿಯಮಗಳು ಶಿಕ್ಷಣ ಸಂಸ್ಥೆಗಳಿಗೆ, ಮಕ್ಕಳ ಪಾಲನಾ ಕೇಂದ್ರಗಳಿಗೆ ಕೆಲವು ವಿನಾಯಿತಿ ಕೊಟ್ಟಿವೆ. ಹೆಬ್ಬೆಟ್ಟು ಒತ್ತುವ ಮೊದಲು ಏನಕ್ಕೆ ಒಪ್ಪುತ್ತಿದ್ದೇವೆ ಎಂದು ತಾಯಿಗೆ ಅವಳ ಭಾಷೆಯಲ್ಲಿ ಹೇಳುವುದು ಆಗ ಇನ್ನೂ ಮುಖ್ಯವಾಗುತ್ತದೆ.

ಮುಂದೆ ಏನಾಗಬಹುದು

ಈಗಿನ ದಾರಿಯಲ್ಲೇ ಹೋದರೆ ಪರದೆಗಳು ಜಾಸ್ತಿಯಾಗುತ್ತವೆ, ಯಾಕೆಂದರೆ ಅವನ್ನು ಕೊಳ್ಳುವುದು ಸುಲಭ, ಉದ್ಘಾಟಿಸುವುದೂ ಸುಲಭ. ಸ್ಪೀಚ್ ಥೆರಪಿಸ್ಟ್ ಹುದ್ದೆ ತುಂಬುವುದು, ಕಿವಿ ಮಿಷನ್ ಬ್ಯಾಟರಿಯನ್ನು ತಾಲ್ಲೂಕಿನಲ್ಲೇ ಸಿಗುವಂತೆ ಮಾಡುವುದು, ಟೀಚರ್‌ಗೆ ಹತ್ತು ದಿನ ಕೂರಿಸಿ ತರಬೇತಿ ಕೊಡುವುದು ಫೋಟೊದಲ್ಲಿ ಕಾಣುವ ಕೆಲಸಗಳಲ್ಲ. ದಾರಿ ಬದಲಾಗಬೇಕಾದರೆ ಹಣದ ಸರದಿ ಬದಲಾಗಬೇಕು. ಹೆರಿಗೆಯಾಗುವ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಓಎಇ ಯಂತ್ರ ಮತ್ತು ಅದನ್ನು ನಡೆಸುವವರು ಮೊದಲು. ಗುರುತಾದ ಮಗುವಿಗೆ ಹತ್ತಿರದಲ್ಲೇ ಥೆರಪಿ, ದೂರವಾದರೆ ವಿಡಿಯೊ ಕಾಲ್ ಮೂಲಕ ತಾಯಿಗೆ ತರಬೇತಿ ಆಮೇಲೆ. ಗೋಡೆಯ ಪರದೆ ಕೊನೆಗೆ. ಪೋಷಣ್ ಟ್ರ್ಯಾಕರ್ ಹೇಗೂ ಇದೆ. ಕಳಿಸಿದ ಮಗುವಿಗೆ ಚಿಕಿತ್ಸೆ ಶುರುವಾಯಿತೇ, ನಿಂತಿದ್ದರೆ ಯಾಕೆ ಎಂಬುದನ್ನು ಇಲಾಖೆಗಳೆಲ್ಲ ಅದರಲ್ಲೇ ನೋಡುವಂತಾದರೆ ಆ ಆ್ಯಪ್‌ಗೆ ಹೋಗುವ ಟೀಚರ್ ಸಮಯಕ್ಕೂ ಅರ್ಥ ಬರುತ್ತದೆ.

ಅಲ್ಲಿಯವರೆಗೆ, ಮಗುವಿನ ಮಾತು, ನೋಟ, ನಡಿಗೆ ಬಗ್ಗೆ ಅನುಮಾನ ಇರುವ ತಂದೆ ತಾಯಿ ಅಂಗನವಾಡಿಯಲ್ಲಿ ಬಾಲ ಸ್ವಾಸ್ಥ್ಯ ತಂಡ ಬರುವ ದಿನ ಕೇಳಿಟ್ಟುಕೊಳ್ಳಿ. ಅದು ದೂರವಿದ್ದರೆ ಜಿಲ್ಲಾ ಆಸ್ಪತ್ರೆಯಲ್ಲಿ ಡಿಇಐಸಿ ಎಲ್ಲಿದೆ ಎಂದು ವಿಚಾರಿಸಿ, ಅಲ್ಲಿ ತಪಾಸಣೆಗೆ ದುಡ್ಡು ಕೊಡಬೇಕಿಲ್ಲ. ಮಾತು ತಡ ಎನಿಸಿದರೆ ಬೇರೆಲ್ಲಕ್ಕಿಂತ ಮೊದಲು ಕಿವಿ ಪರೀಕ್ಷೆ ಮಾಡಿಸಿ. ಅದಕ್ಕೆ ಮಗು ದೊಡ್ಡದಾಗುವವರೆಗೆ ಕಾಯಬೇಕಿಲ್ಲ.